ಬಂಡೆಯ ಮೇಲಿನ ಮೀನು

ಕೇಳುಗರೇ, ನಮಸ್ಕಾರ. ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್ ಊರಿನಿಂದ ಪೂರ್ವಕ್ಕೆ ಮೂರು ಗಂಟೆ ಕಾರಿನಲ್ಲಿ ಹೋದರೆ ಕಕಡು ರಾಷ್ಟ್ರೀಯ ಉದ್ಯಾನ. ಉದ್ಯಾನ ಅಂದ ತಕ್ಷಣ ಹೂಗಿಡ ನೆನೆಸಿಕೊಳ್ಳಬೇಡಿ, ಇದು ಸುಮಾರು 20,000 ಚದರ ಕಿಲೋಮೀಟರಿನ ಕಾಡು, ಜೌಗು, ಬಂಡೆಗಳ ನಾಡು. ಬಿನಿಂಜ್ ಮತ್ತು ಮುಂಗ್ಗುಯ್ ಅನ್ನುವ ಮೂಲನಿವಾಸಿ ಜನರ ನೆಲ.

ನಾವು ಹೋಗಿದ್ದು ಜುಲೈನಲ್ಲಿ. ಅಲ್ಲಿ ಆಗ ಮಳೆ ಇಲ್ಲ, ದಾರಿಗಳೆಲ್ಲ ತೆರೆದಿರುತ್ತವೆ. ಅಲ್ಲಿಯವರು ವರ್ಷವನ್ನು ಆರು ಕಾಲಗಳಾಗಿ ಎಣಿಸುತ್ತಾರೆ. ಯಾವ ಗಾಳಿ ಬೀಸಿತು, ಯಾವ ಹೂ ಬಿಟ್ಟಿತು ಅಂತ ನೋಡಿಯೇ ಕಾಲ ಹೇಳುತ್ತಾರೆ, ನಮ್ಮ ಹಿರಿಯರು ಮಳೆ ನಕ್ಷತ್ರ ಹೇಳುತ್ತಿದ್ದ ಹಾಗೆ.

ಮೊದಲು ಬಂಡೆ ಚಿತ್ರಗಳಿರುವ ಉಬಿರ್‌ಗೆ ಹೋದೆವು. ಮುಂದಕ್ಕೆ ಚಾಚಿದ ದೊಡ್ಡ ಬಂಡೆ, ಅದರ ನೆರಳಿನಲ್ಲಿ ಗೋಡೆ ತುಂಬಾ ಮೀನುಗಳು. ಬಾರಮಂಡಿ ಮೀನೊಂದರ ಮುಂದೆ ನಾನು ತುಂಬಾ ಹೊತ್ತು ನಿಂತೆ. ಬರೀ ಹೊರಗಿನ ಆಕಾರವಲ್ಲ, ಬೆನ್ನುಮೂಳೆ, ಅದರಿಂದ ಹೊರಟ ಮುಳ್ಳುಗಳು, ಹೊಟ್ಟೆಯೊಳಗಿನ ಅಂಗಗಳು, ಎಲ್ಲವನ್ನೂ ಸಣ್ಣ ಸಣ್ಣ ಗೆರೆಗಳಲ್ಲಿ ಬಿಡಿಸಿದ್ದಾರೆ. ಮೀನನ್ನು ಹಿಡಿದು, ಕೊಯ್ದು, ಹಂಚಿಕೊಂಡು ತಿಂದವರ ಕೈ ಅದು, ಅಲ್ವಾ? ಕಾವಿಕಲ್ಲಿನ ಕೆಂಪು ಬಣ್ಣ ಬಂಡೆಯೊಳಗೆ ಇಳಿದು ಉಳಿದುಕೊಳ್ಳುತ್ತದೆ, ಬಿಳಿ ಬಣ್ಣ ಬೇಗ ಉದುರುತ್ತದೆ. ಅದಕ್ಕೇ ಮುಟ್ಟಬಾರದು. ಅಲ್ಲೇ ಹತ್ತಿರ ಎತ್ತರದಲ್ಲಿ ಬೆನ್ನಿಗೆ ಪಟ್ಟೆಗಳಿರುವ ಒಂದು ಪ್ರಾಣಿಯ ಚಿತ್ರ ಇದೆ. ಥೈಲಸೀನ್, ನಾಯಿಯ ಹಾಗೆ ಕಾಣುವ ಬೇಟೆ ಪ್ರಾಣಿ. ಆಸ್ಟ್ರೇಲಿಯಾದ ಮುಖ್ಯ ಭೂಭಾಗದಲ್ಲಿ ಅದು ಅಳಿದು ಎರಡು ಸಾವಿರ ವರ್ಷಕ್ಕೂ ಜಾಸ್ತಿಯಾಗಿದೆ. ಕಂಡವರು ಬರೆದಿಟ್ಟಿದ್ದಾರೆ, ನಾವು ನೋಡುತ್ತಿದ್ದೇವೆ.

ಇದನ್ನು ಹಳೇ ಕಾಲದ ಉಳಿಕೆ ಅಂದುಕೊಂಡರೆ ತಪ್ಪು. ಅನ್‌ಬಂಗ್‌ಬಂಗ್ ಬಂಡೆಯಲ್ಲಿ ಸಿಡಿಲಿನ ಒಡೆಯ ನಮರ್ಗೋನ್ ಇದ್ದಾನೆ. ಮೊಣಕಾಲಿಗೆ, ಮೊಣಕೈಗೆ ಕಲ್ಲಿನ ಕೊಡಲಿ, ಮೈ ಸುತ್ತ ಮಿಂಚಿನ ಗೆರೆ. ಕೊಡಲಿಯಿಂದ ಮೋಡಕ್ಕೆ ಹೊಡೆದರೆ ಗುಡುಗು. ಅಲ್ಲಿನ ಚಿತ್ರಗಳಿಗೆ 1960ರ ದಶಕದಲ್ಲೂ ಹೊಸದಾಗಿ ಬಣ್ಣ ಹಾಕಿದ್ದಾರೆ. ಹಳೆಯದರ ಮೇಲೆ ಮತ್ತೆ ಬರೆಯುವುದು ಅವರಲ್ಲಿ ತಪ್ಪಲ್ಲ, ಎಷ್ಟೋ ಸಲ ಚಿತ್ರಕ್ಕಿಂತ ಬರೆಯುವ ಕೆಲಸವೇ ದೊಡ್ಡದು. ಹೊರಗಿನವರು ಹೋಗಬಾರದ ಜಾಗಗಳೂ ಇವೆ. ಆ ಮಾತನ್ನು ನಾವು ಮನಸ್ಸಿನಿಂದ ಪಾಲಿಸಬೇಕು, ಅದು ಅವರ ಮನೆ.

ಮಾರನೇ ದಿನ ಬೆಳಕು ಹರಿಯುವ ಮುಂಚೆ ಯೆಲ್ಲೋ ವಾಟರ್ ಹಿನ್ನೀರಿನಲ್ಲಿ ದೋಣಿ ಹತ್ತಿದೆವು. ತಾವರೆ ಎಲೆಗಳ ನಡುವೆ ಎರಡು ಉಬ್ಬು ಕಂಡವು, ಕೊರಡಿರಬೇಕು ಅಂದುಕೊಂಡೆ. ಉಬ್ಬು ರೆಪ್ಪೆ ಬಡಿಯಿತು. ಉಪ್ಪುನೀರಿನ ಮೊಸಳೆ! ದೋಣಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ದೂರದಲ್ಲಿ ಸಾಲು ಸಾಲು ಬಾತುಗಳು ಕೂಗುತ್ತಾ ಎದ್ದವು, ಕೆಂಪು ಕಾಲಿನ ಜಬಿರು ಕೊಕ್ಕರೆ ಮಾತ್ರ ಅಲುಗದೆ ನಿಂತಿತ್ತು. ಆಗಲೇ ದೋಣಿಯ ಪಕ್ಕದಲ್ಲಿ ದೊಡ್ಡ ಮೀನೊಂದು ಮೇಲೆ ಬಂದು, ಬಾಲ ಬಡಿದು, ಒಳಗೆ ಹೋಯಿತು. ಬಾರಮಂಡಿ, ಅಂದರು ದೋಣಿಯವರು. ಅದರ ಮುಳ್ಳುಗಳು ಹೇಗಿರುತ್ತವೆ ಅಂತ ನನಗೆ ಗೊತ್ತಿತ್ತು. ಹಿಂದಿನ ದಿನ ಬಂಡೆಯ ಮೇಲೆ ನೋಡಿದ್ದೆನಲ್ಲ.