ಮುಯ್ಯಾಳಿನ ಮಾರುಕಟ್ಟೆ

ಕೇಳುಗರಿಗೆ ನಮಸ್ಕಾರ.

ನನ್ನ ತವರು ಸಾಗರದ ಕಡೆ. ನಾಟಿಯ ಕಾಲ ಬಂತೆಂದರೆ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಏಳುತ್ತಿದ್ದ ಪ್ರಶ್ನೆ ಒಂದೇ: "ನಾಳೆ ಯಾರ ಗದ್ದೆಗೆ ಮುಯ್ಯಾಳು?" ಇಂದು ನಮ್ಮ ಮನೆಯವರು ನಿಮ್ಮ ಗದ್ದೆಗೆ ಇಳಿದರೆ ನಾಳೆ ನಿಮ್ಮ ಮನೆಯವರು ನಮ್ಮ ಗದ್ದೆಗೆ ಇಳಿಯಬೇಕು. ಕೂಲಿಯ ಮಾತಿಲ್ಲ, ಬರೆದಿಟ್ಟ ಲೆಕ್ಕವಿಲ್ಲ. ಆದರೂ ಯಾರೂ ಮರೆಯುತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಹಳೆಯ ಬಟ್ಟೆ ಹರಡಿಕೊಂಡು ಮೊಬೈಲಿನಲ್ಲಿ ಮಾರಲು ಕಲಿಯುತ್ತಿದ್ದಾಗ ಆ ಪದ ನನಗೆ ಮರಳಿ ಸಿಕ್ಕಿತು. ಅದು ಹೇಗೆ ಸಿಕ್ಕಿತು ಎಂಬುದನ್ನೇ ಇಂದು ನಿಮಗೆ ಹೇಳುತ್ತೇನೆ.

ನಾನು ಮಾರುವುದು ಪಾಶ್‌ಮಾರ್ಕ್ ಎಂಬ ಆಪ್‌ನಲ್ಲಿ. ಕಾನ್ಪುರದ ಐಐಟಿಯಲ್ಲಿ ಓದಿದ ಮನೀಶ್ ಚಂದ್ರ ಅವರು ಮೂವರು ಸಂಗಡಿಗರೊಂದಿಗೆ 2011ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಕಟ್ಟಿದರು. 2021ರಲ್ಲಿ ಇದು ಭಾರತಕ್ಕೂ ಬಂದಿತ್ತು. ಆದರೆ 2023ರಲ್ಲಿ ಭಾರತ, ಬ್ರಿಟನ್, ಆಸ್ಟ್ರೇಲಿಯಾ ಮೂರೂ ಕಡೆಯಿಂದ ಹಿಂದೆ ಸರಿಯಿತು. ಅದೇ ವರ್ಷದ ಆರಂಭದಲ್ಲಿ ದಕ್ಷಿಣ ಕೊರಿಯಾದ ನೇವರ್ ಕಂಪನಿ ಇದನ್ನು ಸುಮಾರು 120 ಕೋಟಿ ಡಾಲರಿಗೆ ಕೊಂಡುಕೊಂಡಿತ್ತು. ಇಲ್ಲಿ ಪ್ರತಿಯೊಬ್ಬ ಮಾರಾಟಗಾರರ ಅಂಗಡಿಗೂ ಕ್ಲಾಸೆಟ್ ಎಂದೇ ಹೆಸರು. ಬಟ್ಟೆಯ ಕಪಾಟು ಎಂದು ಅರ್ಥ. ನಾನು ಕಪಾಟು ಎಂದೇ ಹೇಳುತ್ತೇನೆ.

ನನ್ನ ಕಪಾಟಿನಲ್ಲಿ ಮೊದಲು ಹದಿನೆಂಟು ಬಟ್ಟೆಗಳಿದ್ದವು. ಒಂದು ಉಣ್ಣೆಯ ಕೋಟು, ಮಗಳಿಗೆ ಗಿಡ್ಡವಾದ ಫ್ರಾಕುಗಳು, ಒಂದೆರಡು ಕುರ್ತಾ. ಒಳ್ಳೆಯ ಬೆಳಕಿನಲ್ಲಿ ಫೋಟೋ ತೆಗೆದೆ, ಬೆಲೆ ಬರೆದೆ, ಕಾದೆ. ಎರಡು ತಿಂಗಳಾದರೂ ಬೋಣಿಯಾಗಲಿಲ್ಲ. ಬೇರೆ ಕಡೆ ಮಾರಿ ಅಭ್ಯಾಸವಿದ್ದವರೂ ಇಲ್ಲಿ ಎಡವುವುದು ಹೀಗೆಯೇ. ಅಂಗಡಿ ತೆರೆದಿಟ್ಟರೆ ಗಿರಾಕಿ ತಾನಾಗಿ ಬರುತ್ತಾನೆ ಎಂದುಕೊಳ್ಳುತ್ತೇವೆ. ಆದರೆ ಆಗ ಈ ಮಾರುಕಟ್ಟೆಯಲ್ಲಿ ಹುಡುಕಿದಾಗ ಪಟ್ಟಿಯ ಮೇಲ್ತುದಿಯಲ್ಲಿ ಕಾಣುತ್ತಿದ್ದುದು ಬಹುತೇಕ ಆಗಷ್ಟೇ ಯಾರೋ ಹಂಚಿದ ಬಟ್ಟೆ. ಹಂಚುವುದು ಎಂದರೆ ಶೇರ್ ಮಾಡುವುದು. ಹಂಚಿದ ಬಟ್ಟೆ ಮೇಲೆ ಏಳುತ್ತಿತ್ತು, ಮತ್ತೊಬ್ಬರು ತಮ್ಮದನ್ನು ಹಂಚಿದಾಗ ಕೆಳಗೆ ಸರಿಯುತ್ತಿತ್ತು. ನನ್ನ ಕೋಟು ಎರಡು ತಿಂಗಳು ಮುಳುಗಿಯೇ ಇತ್ತು.

ಅದನ್ನು ಮೇಲೆತ್ತಿದವರು ಓಹಾಯೋದಲ್ಲಿರುವ ಒಬ್ಬ ಅಪರಿಚಿತ ಹೆಂಗಸು. ಜೀನ್ಸ್ ಮತ್ತು ಬೂಟುಗಳನ್ನು ಮಾರುವವರು. ಒಂದು ಬೆಳಗ್ಗೆ ಮೊಬೈಲ್ ನೋಡಿದರೆ ಅವರು ನನ್ನ ಹದಿನೆಂಟು ಬಟ್ಟೆಗಳನ್ನೂ ಒಂದೊಂದಾಗಿ ತಮ್ಮ ಹಿಂಬಾಲಕರಿಗೆ ಹಂಚಿದ್ದರು. ನನ್ನಿಂದ ಏನನ್ನೂ ಕೊಂಡವರಲ್ಲ, ಒಂದು ಮಾತೂ ಆಡಿದವರಲ್ಲ. ನಾನು ಅವರ ಕಪಾಟಿಗೆ ಹೋಗಿ ಹದಿನೆಂಟು ಬಟ್ಟೆಗಳನ್ನು ಹಂಚಿ ಬಂದೆ. ಯಾರೂ ಹೇಳಿಕೊಡದೆಯೇ ಕೈ ಹಾಗೆ ಮಾಡಿತು. ಆ ಕ್ಷಣದಲ್ಲಿ ಹೊಳೆದದ್ದು: ಇದು ಮುಯ್ಯಾಳು.

ಅಂದಿನಿಂದ ನನ್ನ ದಿನಚರಿ ಬದಲಾಯಿತು. ದಿನಕ್ಕೆ ಎರಡು ಬಾರಿ ನನ್ನ ಕಪಾಟನ್ನು ಹಂಚುತ್ತೇನೆ, ಅದಕ್ಕೆ ಮೊದಲು ಇತರರ ಇಪ್ಪತ್ತು ಮೂವತ್ತು ಬಟ್ಟೆಗಳನ್ನು ಹಂಚುತ್ತೇನೆ. ಮೊದಲು ಇತರರದು ಎಂಬ ಈ ಕ್ರಮವನ್ನು ನಾನು ಬಿಟ್ಟಿಲ್ಲ. ಈ ಕಂಪನಿಯೂ ಇದಕ್ಕೆ ಬೆಲೆ ಕೊಡುತ್ತದೆ. ತನ್ನ ರಾಯಭಾರಿ ಎಂಬ ಪಟ್ಟ ಕೊಡಲು ಅದು ಕೇಳುತ್ತಿದ್ದ ಅರ್ಹತೆಗಳಲ್ಲಿ ಇತರರ ಬಟ್ಟೆಗಳನ್ನು ಐದು ಸಾವಿರ ಬಾರಿ ಹಂಚಿರಬೇಕು ಎಂಬುದೂ ಒಂದು. ಐದು ಸಾವಿರ! ಯಾವ ಪೇಟೆಯಲ್ಲಿ ಎದುರಂಗಡಿಯ ಮಾಲನ್ನು ಕೂಗಿ ಹೇಳಿದ್ದಕ್ಕೆ ಬಿರುದು ಕೊಡುತ್ತಾರೆ?

ಹೊತ್ತಿನ ಲೆಕ್ಕವೂ ಮುಖ್ಯ. ನನ್ನ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಪೂರ್ವ ಕರಾವಳಿಯವರು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಮೂರು ಗಂಟೆ ಮುಂದೆ. ನಾನು ರಾತ್ರಿ ಪಾತ್ರೆ ತೊಳೆದು ಹತ್ತಕ್ಕೆ ಕುಳಿತರೆ ಅವರಿಗೆ ನಡುರಾತ್ರಿ ದಾಟಿರುತ್ತದೆ. ಆದ್ದರಿಂದ ಸಂಜೆ ಐದೂವರೆಗೆ, ಅನ್ನಕ್ಕೆ ಇಟ್ಟ ಕುಕ್ಕರ್ ಕೂಗುವಷ್ಟರಲ್ಲಿ, ಒಂದು ಸುತ್ತು ಮುಗಿಸುತ್ತೇನೆ.

ಇನ್ನು ಪಾರ್ಟಿಗಳು. ನಿಗದಿಯಾದ ಹೊತ್ತಿಗೆ ಒಂದು ವಿಷಯ ಇಟ್ಟುಕೊಂಡು ಆಪ್‌ನಲ್ಲಿಯೇ ಸೇರುವ ಸಂತೆ ಇದು. ಇಂದು ಪಾದರಕ್ಷೆ, ನಾಳೆ ಮಕ್ಕಳ ಉಡುಪು. ಆ ವಿಷಯಕ್ಕೆ ಹೊಂದುವ ಬಟ್ಟೆಯನ್ನಷ್ಟೇ ಅಲ್ಲಿಗೆ ಹಂಚಬಹುದು. ನಡೆಸಿಕೊಡುವ ಆತಿಥೇಯರು ತಮಗೆ ಹಿಡಿಸಿದ್ದನ್ನು ಆರಿಸಿ ಎಲ್ಲರಿಗೂ ಕಾಣುವಂತೆ ಇಡುತ್ತಾರೆ. ಅವರ ಕಣ್ಣಿಗೆ ಬೀಳಬೇಕೆಂದರೆ ಮೊದಲ ಫೋಟೋ ಚೊಕ್ಕಟವಾಗಿರಬೇಕು. ಗೋಡೆಗೆ ನೇತುಹಾಕಿ, ಕಿಟಕಿಯ ಬೆಳಕಿನಲ್ಲಿ ತೆಗೆದರೆ ಸಾಕು.

ಆದರೆ ನನಗೆ ಎಲ್ಲಕ್ಕಿಂತ ದೊಡ್ಡ ಪಾಠ ಕಲಿಸಿದ್ದು ಒಂದು ಇಳಕಲ್ ಸೀರೆ. ನನ್ನ ಬಳಿ ಎರಡಿದ್ದವು, ಒಂದನ್ನು ಮಾರಾಟಕ್ಕೆ ಇಟ್ಟಿದ್ದೆ. ನ್ಯೂಜೆರ್ಸಿಯ ಒಬ್ಬ ಅಮೆರಿಕನ್ ಹುಡುಗಿ, ಗೆಳತಿಯ ಮದುವೆಗೆ ಉಡಬೇಕೆಂದು ನೋಡುತ್ತಿದ್ದಳು. ಫೋಟೋದಲ್ಲಿ ಸೆರಗು ಶುರುವಾಗುವ ಕಡೆ ಅಡ್ಡಕ್ಕೆ ಒಂದು ಗೆರೆ ಕಂಡಿದೆ. "ಸೀರೆ ಇಲ್ಲಿ ಹರಿದು ಹೊಲಿದಿದೆಯೇ?" ಎಂದು ಕೇಳಿದಳು. ಇಲ್ಲಿ ಪ್ರಶ್ನೆಗಳು ಬಟ್ಟೆಯ ಕೆಳಗೆ ಎಲ್ಲರಿಗೂ ಕಾಣುವಂತೆ ಇರುತ್ತವೆ, ಉತ್ತರವೂ ಹಾಗೆಯೇ. ಒಂದೇ ಸಾಲಿನಲ್ಲಿ "ಇಲ್ಲ" ಎಂದು ಬರೆಯಬಹುದಿತ್ತು. ನಾನು ಸೀರೆಯನ್ನು ಮತ್ತೆ ಬಿಚ್ಚಿ, ಆ ಜಾಗವನ್ನು ಬೆರಳ ಮೇಲೆ ಹರಡಿ, ಹತ್ತಿರದಿಂದ ಫೋಟೋ ತೆಗೆದೆ. ಅದು ಕೊಂಡಿ. ಒಡಲಿನ ಹಾಸು ನೂಲಿಗೆ ಸೆರಗಿನ ಹಾಸು ನೂಲನ್ನು ಕುಣಿಕೆ ಕುಣಿಕೆಯಾಗಿ ಸಿಕ್ಕಿಸಿ ಜೋಡಿಸುವ ಇಳಕಲ್ಲಿನ ಕಸುಬು. ಒಡಲು ಹತ್ತಿ, ಸೆರಗು ರೇಷ್ಮೆ, ನಡುವಿನ ಆ ಗೆರೆಯೇ ಸೀರೆಯ ಗುರುತು. ಬಾಗಲಕೋಟೆ ಜಿಲ್ಲೆಯ ಆ ಊರಿನ ಹೆಸರನ್ನೂ, ಒಳಲಂಗ ಬೇಕಾಗುತ್ತದೆ ಎಂಬುದನ್ನೂ, ರವಿಕೆ ಹೊಲಿಸಲು ಹದಿನೈದು ದಿನವಾದರೂ ಇಟ್ಟುಕೊಳ್ಳಬೇಕು ಎಂಬುದನ್ನೂ ಬರೆದೆ.

ಆ ಉತ್ತರವನ್ನು ಓದಿದವರು ಅವಳೊಬ್ಬಳೇ ಅಲ್ಲ. ಟೆಕ್ಸಾಸಿನ ಒಬ್ಬ ಕನ್ನಡಿತಿ ಅದರ ಕೆಳಗೆ "ನಮ್ಮಜ್ಜಿಯ ಸೀರೆ ನೆನಪಾಯಿತು" ಎಂದು ಬರೆದರು. ಹಳೆಯ ಕ್ವಿಲ್ಟ್, ಅಂದರೆ ಕೌದಿ, ಮಾರುವ ಒಬ್ಬ ಮುದುಕಿ ಕೊಂಡಿಯ ಬಗ್ಗೆ ಇನ್ನೂ ನಾಲ್ಕು ಪ್ರಶ್ನೆ ಕೇಳಿದರು. ಸೀರೆ ಮಾರಾಟವಾದದ್ದು ಮರುದಿನ, ನಾನು ಕೇಳಿದ ಬೆಲೆಗೇ. ಅದಕ್ಕಿಂತ ಹೆಚ್ಚಿನ ಸಂಗತಿ ಎಂದರೆ ಅಂದು ಮಾತಾಡಿದ ಇಬ್ಬರೂ ಇಂದಿಗೂ ನನ್ನ ಕಪಾಟಿಗೆ ಬಂದುಹೋಗುತ್ತಾರೆ.

ಬಟ್ಟೆಯ ಮೇಲೆ ಕಲೆ ಇದ್ದರೆ ಕಲೆ ಇದೆ ಎಂದೇ ಬರೆಯಬೇಕು, ಉಣ್ಣೆಯ ಮೇಲೆ ಗುಂಜು ಎದ್ದಿದ್ದರೆ ಅದನ್ನೂ ತೋರಿಸಬೇಕು. ಒಮ್ಮೆ ಒಂದು ಸ್ವೆಟರಿನ ಕಂಕುಳಿನ ಸಣ್ಣ ತೂತು ನನ್ನ ಕಣ್ಣಿಗೆ ತಪ್ಪಿತು. ಪಾರ್ಸೆಲ್ ತಲುಪಿದ ಮೇಲೆ ದೂರು ಕೊಡಲು ಕೊಂಡವರಿಗೆ ಮೂರು ದಿನ ಇರುತ್ತದೆ. ಆಕೆ ಎರಡನೆಯ ದಿನ ಫೋಟೋ ಕಳುಹಿಸಿದರು. ನಾನು ವಾದಿಸಲಿಲ್ಲ, ಹಣ ಹಿಂದಿರುಗಿಸಲು ಒಪ್ಪಿ ಕ್ಷಮೆ ಕೇಳಿದೆ. ಈಗ ಯಾವುದೇ ಬಟ್ಟೆಯನ್ನು ಇಡುವ ಮೊದಲು ಕಿಟಕಿಗೆ ಎದುರಾಗಿ ಹಿಡಿದು ನೋಡುತ್ತೇನೆ. ತೂತಿದ್ದರೆ ಬೆಳಕು ಹೇಳಿಬಿಡುತ್ತದೆ.

ಲೆಕ್ಕವನ್ನೂ ಒಂದಿಷ್ಟು ಹೇಳಬೇಕು, ಯಾಕೆಂದರೆ ಸ್ನೇಹದ ಭರದಲ್ಲಿ ನಷ್ಟ ಮಾಡಿಕೊಂಡವರನ್ನು ಕಂಡಿದ್ದೇನೆ. 15 ಡಾಲರಿಗಿಂತ ಕಡಿಮೆಯ ಮಾರಾಟಕ್ಕೆ ಕಂಪನಿ 2.95 ಡಾಲರ್ ಹಿಡಿಯುತ್ತದೆ, ಅದಕ್ಕೆ ಮೇಲಿನದಕ್ಕೆ ನೂರಕ್ಕೆ ಇಪ್ಪತ್ತು. 40 ಡಾಲರಿನ ಕುರ್ತಾ ಹೋದರೆ ಕೈಗೆ 32. ಬಟ್ಟೆಯನ್ನು ಮೆಚ್ಚಿ ಲೈಕ್ ಒತ್ತಿದವರಿಗೆಲ್ಲ ಒಟ್ಟಿಗೆ ರಿಯಾಯಿತಿಯ ಆಫರ್ ಕಳುಹಿಸುವ ಸೌಲಭ್ಯವಿದೆ. ಬೆಲೆಯಲ್ಲಿ ಕನಿಷ್ಠ ಶೇಕಡಾ 10 ಇಳಿಸಬೇಕು, ಅಂಚೆ ವೆಚ್ಚದಲ್ಲೂ ಪಾಲು ಕೊಡಬೇಕು, ಅವರು 24 ಗಂಟೆಯೊಳಗೆ ಒಪ್ಪಬೇಕು. ಅದೇ ಕುರ್ತಾವನ್ನು 36ಕ್ಕೆ ಇಳಿಸಿದರೆ ಕೈಗೆ ಉಳಿಯುವುದು 28 ಡಾಲರ್ 80 ಸೆಂಟ್, ಅಂಚೆಯ ಪಾಲು ಕಳೆದರೆ ಇನ್ನೂ ಕಡಿಮೆ. ಇಲ್ಲಿ ಚೌಕಾಸಿ ಸಹಜ. ಅದಕ್ಕಾಗಿಯೇ ಬೆಲೆ ಇಡುವಾಗ ಸ್ವಲ್ಪ ಜಾಗ ಬಿಟ್ಟುಕೊಂಡಿರಿ. ತೀರಾ ಕಡಿಮೆ ಕೇಳಿದವರ ಮೇಲೆ ಸಿಟ್ಟಾಗುವುದು ಬೇಡ. ನಿಮ್ಮ ಬೆಲೆಯನ್ನು ಸೌಜನ್ಯದಿಂದ ತಿರುಗಿ ಹೇಳಿದರೆ ಎಷ್ಟೋ ಬಾರಿ ನಡುವೆ ಎಲ್ಲೋ ಒಪ್ಪಂದವಾಗುತ್ತದೆ.

ಒಂದು ವಿಷಯದಲ್ಲಿ ನನಗೆ ನಿಜವಾಗಿಯೂ ನೋವಿದೆ. ಹಂಚುವ ಕೆಲಸವನ್ನು ಯಂತ್ರಕ್ಕೆ, ಬಾಟ್ ಎನ್ನುವ ತಂತ್ರಾಂಶಕ್ಕೆ ಒಪ್ಪಿಸಿದವರು ಹೆಚ್ಚುತ್ತಿದ್ದಾರೆ. ಅವರ ಕಷ್ಟ ನನಗೆ ತಿಳಿಯದ್ದೇನಲ್ಲ. ಸಾವಿರ ಬಟ್ಟೆ ಇರುವವರ ಹೆಬ್ಬೆರಳು ನಿಜಕ್ಕೂ ನೋಯುತ್ತದೆ. ಆದರೆ ಯಂತ್ರವು ಬಟ್ಟೆಯನ್ನು ನೋಡುವುದಿಲ್ಲ. ಓಹಾಯೋದ ಆ ಹೆಂಗಸು ನನ್ನ ಕೋಟನ್ನು ನೋಡಿ ಹಂಚಿದ್ದರು. ಗುಂಡಿಗಳು ಚೆನ್ನಾಗಿವೆ ಎಂದು ಆಮೇಲೆ ಒಂದು ಸಾಲನ್ನೂ ಬರೆದಿದ್ದರು. ನಮ್ಮೂರಿನಲ್ಲಿ ಮುಯ್ಯಾಳಿಗೆ ಬಂದವರು ನಾಟಿ ನೆಡುತ್ತಲೇ ಗದ್ದೆಯ ನೀರು, ಸಸಿಯ ಬಣ್ಣ ನೋಡಿ ನಾಲ್ಕು ಮಾತು ಹೇಳಿ ಹೋಗುತ್ತಿದ್ದರು. ಆ ಮಾತಿಗಾಗಿಯೇ ಅಜ್ಜ ಅವರನ್ನು ಕಾಯುತ್ತಿದ್ದರು.

ಈ ಬಳಗದ ಬಲ ಎಷ್ಟೆಂಬುದು 2024ರ ಅಕ್ಟೋಬರಿನಲ್ಲಿ ಕಂಡಿತು. ಕಂಪನಿ ತನ್ನ ಶುಲ್ಕದ ಪದ್ಧತಿಯನ್ನು ಬದಲಿಸಿ, ಭಾರದ ಒಂದು ಪಾಲನ್ನು ಕೊಳ್ಳುವವರ ಮೇಲೆ ಹಾಕಿತು. ಮಾರುವವರು ಆಕ್ಷೇಪ ಎತ್ತಿದರು, ಕೆಲವೇ ವಾರಗಳಲ್ಲಿ ಹಳೆಯ ಪದ್ಧತಿಯೇ ಮರಳಿ ಬಂತು.

ಪಾರ್ಸೆಲ್ ಕಟ್ಟುವಾಗ ನಾನು ಒಂದು ಸಣ್ಣ ಚೀಟಿ ಇಡುತ್ತೇನೆ. ಕೊಂಡವರ ಹೆಸರು, ಬಟ್ಟೆಯನ್ನು ತೊಳೆಯುವ ಬಗೆ, ಒಂದು ಧನ್ಯವಾದ. ಕೈಬರಹದಲ್ಲಿ. ಇಳಕಲ್ ಸೀರೆಯ ಜೊತೆ ಹೋದ ಚೀಟಿಯಲ್ಲಿ ನೆರಿಗೆ ಹಿಡಿಯುವ ಕ್ರಮವನ್ನು ಚಿತ್ರ ಬರೆದು ತೋರಿಸಿದ್ದೆ. ಮದುವೆಯಾದ ವಾರಕ್ಕೆ ಆ ಹುಡುಗಿಯಿಂದ ಮೆಚ್ಚುಗೆಯ ಸಾಲು ಬಂತು: ನೆರಿಗೆ ಸಂಜೆಯವರೆಗೂ ನಿಂತಿತ್ತಂತೆ.

ನನ್ನ ಉಣ್ಣೆಯ ಕೋಟು ಮಾರಾಟವಾಗಿ ಬಹಳ ಕಾಲವಾಯಿತು. ಓಹಾಯೋದವರ ಕಪಾಟಿನಲ್ಲಿ ಮಾತ್ರ ಕಂದು ಬಣ್ಣದ ಒಂದು ಜೊತೆ ಬೂಟು ಚಳಿಗಾಲದಿಂದ ಹಾಗೆಯೇ ಕುಳಿತಿದೆ. ಇಂದು ಸಂಜೆಯ ಪಾರ್ಟಿ ಪಾದರಕ್ಷೆಗಳದು. ಇಲ್ಲಿಂದ ಹೋದ ಕೂಡಲೇ ಅದನ್ನು ಅಲ್ಲಿಗೆ ಹಂಚಬೇಕು.

ನಮಸ್ಕಾರ.