ವರ್ಷಕ್ಕೆ ಎಂಟು ಕಂತು ಸಾಲದಾ?

ನಮಸ್ಕಾರ. ಬ್ರಿಟನ್ನಿನ ಹಾಸ್ಯ ಧಾರಾವಾಹಿ ‘ಲಾಸ್ಟ್ ಆಫ್ ದ ಸಮ್ಮರ್ ವೈನ್’ ಅಷ್ಟು ವರ್ಷ ಬಾಳಿದ್ದು ನಡುನಡುವೆ ಬಿಡುವು ಕೊಟ್ಟಿದ್ದಕ್ಕೇ ಎಂದು ಹೋದ ವಿಡಿಯೊದಲ್ಲಿ ಹೇಳಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: ‘37 ವರ್ಷಕ್ಕೆ ಬರೀ 295 ಕಂತಾ? ನಮ್ಮ ಧಾರಾವಾಹಿಗಳು ಒಂದೇ ವರ್ಷದಲ್ಲಿ ಅಷ್ಟು ಮುಗಿಸುತ್ತವೆ.’

ಸ್ವಾಮಿ, ನಾನು ಹೇಳುತ್ತಿರುವುದೂ ಅದನ್ನೇ ಅಲ್ವಾ!

‘ಲಾಸ್ಟ್ ಆಫ್ ದ ಸಮ್ಮರ್ ವೈನ್’ ಬಿಬಿಸಿಯಲ್ಲಿ ಮೊದಲು ಕಾಣಿಸಿದ್ದು 1973ರ ಜನವರಿಯಲ್ಲಿ, ಒಂದೇ ಒಂದು ಕಂತು. ಇಂಗ್ಲೆಂಡಿನ ಯಾರ್ಕ್‌ಷೈರಿನ ಗುಡ್ಡದಲ್ಲಿ ಕೆಲಸವಿಲ್ಲದೆ ಅಲೆಯುವ ಮೂವರು ವಯಸ್ಸಾದವರ ಕಥೆ. ನವೆಂಬರಿನಲ್ಲಿ ಮೊದಲ ಸರಣಿ, ಅಂದರೆ ಸೀಸನ್, ಬಂತು. 1974ರಲ್ಲಿ? ಸರಣಿಯೇ ಇಲ್ಲ. ಎರಡನೆಯದು 1975ಕ್ಕೆ. ಐದನೆಯದು 1979ರಲ್ಲಿ ಬಂದರೆ ಆರನೆಯದು 1982ರಲ್ಲಿ! ನಡುವೆ ಕ್ರಿಸ್‌ಮಸ್ ಹೊತ್ತಿಗೆ ಮುಖ ತೋರಿಸಿ ಹೋಗುತ್ತಿತ್ತು, ಹಬ್ಬದ ನೆಂಟರ ಹಾಗೆ. ಹೀಗೆ 31 ಸರಣಿ ಆಗಿ, 2010ರ ಆಗಸ್ಟ್ 29ಕ್ಕೆ ಮುಗಿಯಿತು.

ಬಿಡುವು ಕೊಟ್ಟರು, ಅದಕ್ಕೇ ಬಾಳಿತು. ಹೊಲವನ್ನೂ ಬೀಳು ಬಿಡುತ್ತಾರೆ ಕಣ್ರೀ.

ಅಷ್ಟೂ ಕಂತು ಬರೆದಿದ್ದು ರಾಯ್ ಕ್ಲಾರ್ಕ್ ಒಬ್ಬರೇ. ದಿನಕ್ಕೊಂದು ಬರೆಯಿರಿ ಎಂದಿದ್ದರೆ ಎರಡನೇ ತಿಂಗಳಿಗೆ ಆ ಮೂವರಲ್ಲೊಬ್ಬನಾದ ಕಾಂಪೋಗೆ ನೆನಪು ಹೋಗುತ್ತಿತ್ತು, ಮೂರನೆಯದಕ್ಕೆ ಅವನಂತೆಯೇ ಇರುವ ಇನ್ನೊಬ್ಬ ಬರುತ್ತಿದ್ದ! ಎಲ್ಲ ಕಂತಿನಲ್ಲೂ ಇದ್ದ ನಟ ಪೀಟರ್ ಸ್ಯಾಲಿಸ್‌ಗೆ ಕೊನೆಯಲ್ಲಿ 89 ವರ್ಷ. ಆ ‘ವಾಲೆಸ್ ಮತ್ತು ಗ್ರೋಮಿಟ್’ ಅನ್ನುವ ಜೇಡಿಮಣ್ಣಿನ ಗೊಂಬೆಗಳ ಆನಿಮೇಷನ್ ಚಿತ್ರ ಇದೆಯಲ್ಲ, ವಾಲೆಸ್‌ಗೆ ದನಿ ಕೊಟ್ಟಿದ್ದೂ ಇವರೇ. ಅದರ ಬಗ್ಗೆ ನನ್ನದೊಂದು ವಿಡಿಯೊ ಇದೆ, ಯಾರೂ ನೋಡಿಲ್ಲ, ದಯವಿಟ್ಟು ನೋಡಿ.

‘ನಟ ಬಿಲ್ ಓವೆನ್ 1999ರಲ್ಲಿ ತೀರಿಕೊಂಡಾಗಲೇ ನಿಲ್ಲಿಸಬೇಕಿತ್ತು’ ಅನ್ನುವವರೂ ಇದ್ದಾರೆ. ಹೌದು ಪಾಪ, ನಿಮ್ಮನ್ನು ಒಂದು ಮಾತು ಕೇಳಬೇಕಿತ್ತು! ಅವರು ಮಾಡುತ್ತಿದ್ದ ಕಾಂಪೋ ಪಾತ್ರಕ್ಕೆ ಧಾರಾವಾಹಿಯಲ್ಲೇ ಅಂತ್ಯಕ್ರಿಯೆ ಮಾಡಿದರು. ಓವೆನ್ ಮಗ ಟಾಮ್ ಬಂದು ಸೇರಿಕೊಂಡರು. ಇನ್ನೂ ಹತ್ತು ವರ್ಷ ಓಡಿತು. ಹೇಗೆ? ಬಿಡುವು! ಬಿಡುವು ರೀ!

‘ಗುಣಮಟ್ಟ ಬಿದ್ದಿತ್ತಲ್ಲ?’ ಬೀಳಲಿ ಬಿಡಿ. ಬಿಡುವಿತ್ತೋ ಇಲ್ಲವೋ? ಇತ್ತು. ಮುಗೀತು.

ಇನ್ನು, ‘ನೀವು ಯಾಕೆ ಎರಡು ತಿಂಗಳಿಗೊಂದು ವಿಡಿಯೊ ಹಾಕುತ್ತೀರಿ, ಸೋಮಾರಿತನವಾ’ ಎಂದು ಕೇಳಿದವರಿಗೆ: ಇಷ್ಟು ಹೊತ್ತು ಏನು ಕೇಳಿಸಿಕೊಂಡಿರಿ? ಚಂದಾದಾರರಾಗಿ, ಗಂಟೆ ಒತ್ತಿ. ಯಾವಾಗ ಬಾರಿಸುತ್ತದೆ ಎಂದು ಮಾತ್ರ ಕೇಳಬೇಡಿ.