ಸಂಶೋಧನೆಗೆ ಆದ್ಯತೆ: ಯಾವುದು ಮೊದಲು, ಯಾವುದನ್ನು ಬಿಡೋದು, ಯಾರು ಹೇಳಬೇಕು?

ಒಂದು ಸರ್ಕಾರದ ಅವಧಿ ನಾಲ್ಕು ವರ್ಷ, ಹೆಚ್ಚೆಂದರೆ ಐದು. ದೊಡ್ಡ ಸಂಶೋಧನೆಗೆ ಇಪ್ಪತ್ತು ವರ್ಷ ಬೇಕು. ಈ ಎರಡರ ನಡುವಿನ ಅಂತರವನ್ನು ಯಾರು ತುಂಬಬೇಕು ಅನ್ನೋದೇ ಇವತ್ತಿನ ಮಾತು.

ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕವನ್ನೇ ತಗೊಳ್ಳಿ. ಅಮೆರಿಕದ ಖಗೋಳ ವಿಜ್ಞಾನಿಗಳು ಹತ್ತು ವರ್ಷಕ್ಕೊಮ್ಮೆ ಕೂತು ಒಂದು ಆದ್ಯತಾ ಪಟ್ಟಿ ಮಾಡ್ತಾರೆ. ಆ ಪಟ್ಟಿಯಲ್ಲಿ ಈ ದೂರದರ್ಶಕ ಮೊದಲ ಸ್ಥಾನಕ್ಕೆ ಬಂದಿದ್ದು 2000ದಲ್ಲಿ, ಕ್ಲಿಂಟನ್ ಅಧ್ಯಕ್ಷರಾಗಿದ್ದಾಗ. ಅದು ಆಕಾಶಕ್ಕೆ ಹಾರಿದ್ದು 2021ರ ಡಿಸೆಂಬರ್ 25ರಂದು, ಬೈಡನ್ ಕಾಲದಲ್ಲಿ. ನಡುವೆ ಬುಷ್, ಒಬಾಮ, ಟ್ರಂಪ್ ಬಂದು ಹೋದರು. 2011ರಲ್ಲಂತೂ ಅಲ್ಲಿನ ಕೆಳಮನೆಯ ಒಂದು ಉಪಸಮಿತಿ ಯೋಜನೆಯನ್ನೇ ನಿಲ್ಲಿಸಿಬಿಡಿ ಅಂತ ಪ್ರಸ್ತಾವ ಇಟ್ಟಿತ್ತು. ಆದರೂ ಉಳೀತು. ಅದಕ್ಕೆ ಕಾರಣ ಹಲವು. ನನ್ನ ದೃಷ್ಟಿಯಲ್ಲಿ ದೊಡ್ಡ ಕಾರಣ, ಅದು ಯಾವ ಮಂತ್ರಿಯ ಸ್ವಂತ ಯೋಜನೆಯೂ ಆಗಿರಲಿಲ್ಲ. ಇಡೀ ವಿಜ್ಞಾನ ಸಮುದಾಯ ಬಹಿರಂಗವಾಗಿ ಚರ್ಚೆ ಮಾಡಿ, ಇದೇ ಮೊದಲು ಅಂತ ಬರೆದುಕೊಟ್ಟಿತ್ತು. ಸರ್ಕಾರ ಬದಲಾದ ತಕ್ಷಣ ಅಂಥ ಪಟ್ಟಿಯನ್ನು ಹರಿದು ಹಾಕೋದು ಸುಲಭ ಅಲ್ಲ.

ಆದರೆ ಇಂಥ ಆದ್ಯತೆಗಳನ್ನು ಸೂಚಿಸೋ ಎಲ್ಲ ವಿಜ್ಞಾನ ಪರಿಷತ್ತುಗಳಿಗೂ ಈ ಬಲ ಬರಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳನ್ನು ಕೂರಿಸಿದ ಮಾತ್ರಕ್ಕೆ ಪರಿಷತ್ತು ಸ್ವತಂತ್ರ ಆಗಿಬಿಡಲ್ಲ. ಯಾರು ನೇಮಕ ಮಾಡ್ತಾರೆ, ಎಷ್ಟು ವರ್ಷಕ್ಕೆ, ಮತ ಹೇಗೆ ಎಣಿಸ್ತಾರೆ, ಖರ್ಚಿನ ಅಂದಾಜು ಯಾರು ಹಾಕ್ತಾರೆ? ಸ್ವಾತಂತ್ರ್ಯ ಇರೋದು ಈ ನಿಯಮಗಳಲ್ಲಿ.

ಜರ್ಮನಿಯ ವಿಜ್ಞಾನ ಪರಿಷತ್ತನ್ನು ನೋಡಿ. 1957ರಲ್ಲಿ ಶುರುವಾಗಿದ್ದು. ಅದರಲ್ಲಿ ಎರಡು ಭಾಗ. ವಿಜ್ಞಾನ ವಿಭಾಗದಲ್ಲಿ 32 ಜನ: 24 ವಿಜ್ಞಾನಿಗಳು, 8 ಮಂದಿ ಸಾರ್ವಜನಿಕ ಜೀವನದವರು. ಇವರನ್ನು ನೇಮಿಸೋದು ಮಂತ್ರಿಯಲ್ಲ, ರಾಷ್ಟ್ರಾಧ್ಯಕ್ಷರು. ವಿಜ್ಞಾನಿಗಳ ಹೆಸರನ್ನು ಸೂಚಿಸೋದು ಮ್ಯಾಕ್ಸ್ ಪ್ಲಾಂಕ್‌ನಂಥ ಸಂಶೋಧನಾ ಸಂಸ್ಥೆಗಳು. ಅವಧಿ ಮೂರು ವರ್ಷ, ಮತ್ತೊಮ್ಮೆ ಮುಂದುವರಿಸಬಹುದು. ಇನ್ನೊಂದು ಭಾಗ ಸರ್ಕಾರಗಳದ್ದು: 16 ರಾಜ್ಯಗಳಿಗೆ ಒಂದೊಂದು ಮತ, ಕೇಂದ್ರದ ಆರು ಪ್ರತಿನಿಧಿಗಳಿಗೆ ಸೇರಿ 16 ಮತ. ಅಂದರೆ ಆ ಕಡೆಯೂ 32. ನಿರ್ಣಯಕ್ಕೆ ಮೂರನೇ ಎರಡರಷ್ಟು ಮತ ಬೇಕು. ಇದರ ಪರಿಣಾಮ ಯೋಚಿಸಿ. ಎಲ್ಲರೂ ಮತ ಹಾಕಿದರೆ, ವಿಜ್ಞಾನಿಗಳೆಲ್ಲ ಒಟ್ಟಾದರೂ ಗೆಲ್ಲಲ್ಲ, ಸರ್ಕಾರಗಳೆಲ್ಲ ಒಟ್ಟಾದರೂ ಗೆಲ್ಲಲ್ಲ. ಶಿಫಾರಸು ಹೊರಗೆ ಬರೋ ಹೊತ್ತಿಗೆ ದುಡ್ಡು ಕೊಡುವವರ ಒಪ್ಪಿಗೆಯೂ ಅದರೊಳಗೆ ಸೇರಿರುತ್ತೆ. ನಾನು ನೋಡಿದ ವ್ಯವಸ್ಥೆಗಳಲ್ಲಿ ಇದಕ್ಕಿಂತ ಜಾಣ ವಿನ್ಯಾಸ ಕಂಡಿಲ್ಲ.

ನೇಮಕದ ದಾರಿ ಸಡಿಲವಾಗಿದ್ದರೆ ಏನಾಗುತ್ತೆ ಅನ್ನೋದಕ್ಕೆ ಜಪಾನ್ ಉದಾಹರಣೆ. 2020ರಲ್ಲಿ ಅಲ್ಲಿನ ವಿಜ್ಞಾನ ಪರಿಷತ್ತಿಗೆ 210 ಸದಸ್ಯರು, ಆರು ವರ್ಷದ ಅವಧಿ, ಮೂರು ವರ್ಷಕ್ಕೊಮ್ಮೆ ಅರ್ಧ ಜನ ಬದಲಾಗ್ತಿದ್ದರು. ಕಾಗದದ ಮೇಲೆ ಅಚ್ಚುಕಟ್ಟು. ಹೆಸರು ಪರಿಷತ್ತೇ ಕೊಡ್ತಿತ್ತು, ಪ್ರಧಾನಿ ಸಹಿ ಹಾಕ್ತಿದ್ದರು. ಆ ವರ್ಷ ಪ್ರಧಾನಿ ಸುಗಾ ಯೋಶಿಹಿದೆ 105 ಹೆಸರುಗಳಲ್ಲಿ ಆರನ್ನು ಕೈಬಿಟ್ಟರು, ಒಬ್ಬೊಬ್ಬರನ್ನು ಯಾಕೆ ಬಿಟ್ಟೆ ಅಂತ ಕಾರಣ ಕೊಡಲಿಲ್ಲ. ಆರು ಜನ ಕಮ್ಮಿಯಾದರು ಅನ್ನೋದಷ್ಟೇ ಅಲ್ಲ ನಷ್ಟ. ಉಳಿದವರು ಮುಂದೆ ಬಾಯಿ ತೆರೆಯೋ ಮುಂಚೆ ಎರಡು ಸಲ ಯೋಚಿಸ್ತಾರೆ, ನಷ್ಟ ಅದು.

ಪ್ರಧಾನಿಯೇ ಅಧ್ಯಕ್ಷರಾಗಿರೋ ಮಂಡಳಿಗಳೂ ಇವೆ. ಭಾರತದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಆಡಳಿತ ಮಂಡಳಿ 2023ರ ಕಾಯ್ದೆಯ ಪ್ರಕಾರ ಹಾಗೇ ಇದೆ. ಅದರಿಂದ ಇಲಾಖೆಗಳು ಮಾತು ಕೇಳ್ತವೆ, ಕಡತ ಬೇಗ ಚಲಿಸುತ್ತೆ. ಆದರೆ ಅಧ್ಯಕ್ಷರ ಕುರ್ಚಿಯಲ್ಲಿರುವವರು ಘೋಷಿಸಿದ ಯೋಜನೆಯನ್ನು ಅದೇ ಮೇಜಿನಲ್ಲಿ ಕೂತು "ಇದು ಮೂರನೇ ಸ್ಥಾನಕ್ಕೆ ಹೋಗಬೇಕು" ಅಂತ ಹೇಳೋದು ಕಷ್ಟ. ಆ ಮಾತು ಹೇಳೋಕೆ ಬೇರೆ ಮೇಜು ಬೇಕು.

ಈಗ ಪಟ್ಟಿ ತಯಾರಾಗೋ ಬಗೆ. ಅಮೆರಿಕದ ಖಗೋಳ ವಿಜ್ಞಾನಿಗಳು ಹತ್ತು ವರ್ಷಕ್ಕೊಮ್ಮೆ ಮಾಡೋ ಆ ಆದ್ಯತಾ ಸಮೀಕ್ಷೆಯ ಇತ್ತೀಚಿನ ವರದಿ 2021ರ ನವೆಂಬರ್‌ನಲ್ಲಿ ಬಂತು. ಮೊದಲು ಯಾರು ಬೇಕಾದರೂ ತಮ್ಮ ಪ್ರಸ್ತಾವ ಬರೆದು ಕಳಿಸಬಹುದು ಅಂತ ಕರೆ ಕೊಟ್ಟರು. 860ಕ್ಕೂ ಹೆಚ್ಚು ಟಿಪ್ಪಣಿಗಳು ಬಂದವು. ತಜ್ಞರ 13 ಸಮಿತಿಗಳು ಅವನ್ನು ಓದಿದವು. ಮೊದಲು ಪ್ರಶ್ನೆಗಳು: ಮುಂದಿನ ಹತ್ತು ವರ್ಷ ಯಾವುದಕ್ಕೆ ಉತ್ತರ ಹುಡುಕಬೇಕು? ಉಪಕರಣದ ಮಾತು ಆಮೇಲೆ. ಈ ಕ್ರಮ ತಿರುಗುಮುರುಗಾದರೆ ಯಾರ ಹತ್ತಿರ ಚೆಂದದ ಯಂತ್ರದ ನಕ್ಷೆ ಇದೆಯೋ ಅವರೇ ಗೆಲ್ತಾರೆ. ವರದಿಯನ್ನು ಹೊರಗಿನ ವಿಮರ್ಶಕರು ಓದ್ತಾರೆ. ಖರ್ಚು ಕೊಟ್ಟ ಇಲಾಖೆಗೆ ಅದನ್ನು ತಿದ್ದೋ ಹಕ್ಕಿಲ್ಲ.

ಎಲ್ಲ ಹದಗೆಡೋದು ಖರ್ಚಿನ ವಿಷಯದಲ್ಲಿ. 2000ದ ಪಟ್ಟಿಯಲ್ಲಿ ವೆಬ್ ದೂರದರ್ಶಕಕ್ಕೆ ಬರೆದಿದ್ದ ಅಂದಾಜು ಸುಮಾರು 100 ಕೋಟಿ ಡಾಲರ್. ಕೊನೆಗೆ ಆಗಿದ್ದು ಹತ್ತಿರ ಹತ್ತಿರ 1,000 ಕೋಟಿ. ಇದು ಬರೀ ಲೆಕ್ಕದ ತಪ್ಪಲ್ಲ, ಆದ್ಯತೆಯ ತಪ್ಪು. ಹತ್ತು ಪಟ್ಟು ಖರ್ಚು ಅಂತ ಮೊದಲೇ ಗೊತ್ತಿದ್ದರೆ ಅದನ್ನು ಮೊದಲ ಸ್ಥಾನಕ್ಕೆ ಹಾಕ್ತಿದ್ದರಾ? ಹಾಕಿದ್ದರೂ ಹಾಕಬಹುದಿತ್ತು, ಆದರೆ ಬೇರೆ ಏನು ಬಿಡಬೇಕು ಅಂತ ಕೂತು ಮಾತಾಡಬೇಕಾಗ್ತಿತ್ತು. ಯೋಜನೆ ಮುಂದಿಡುವವರು ಖರ್ಚು ಕಡಿಮೆ ಹೇಳೋದು ಸಹಜ, ಅವರಿಗೆ ಅದರ ಮೇಲೆ ಪ್ರೀತಿ. ಹಾಗಾಗಿ 2010ರ ಸಮೀಕ್ಷೆ ಹೊತ್ತಿಗೆ ಹೊರಗಿನ ಎಂಜಿನಿಯರಿಂಗ್ ಸಂಸ್ಥೆಯೊಂದರಿಂದ ಖರ್ಚು ಮತ್ತು ತಾಂತ್ರಿಕ ಅಪಾಯ ಎರಡನ್ನೂ ಸ್ವತಂತ್ರವಾಗಿ ಅಳೆಸಿದರು. 2021ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸುಮಾರು 6 ಮೀಟರ್ ಅಗಲದ ಕನ್ನಡಿಯ ಹೊಸ ಬಾಹ್ಯಾಕಾಶ ದೂರದರ್ಶಕ ಬೇಕು, ಅಂದಾಜು 1,100 ಕೋಟಿ ಡಾಲರ್, ಆದರೆ ಮೊದಲು ತಂತ್ರಜ್ಞಾನ ಪಕ್ವ ಆಗಲಿ, ಆಮೇಲೆ ಕಟ್ಟೋ ನಿರ್ಧಾರ ಅಂದರು.

ಖರ್ಚಿನ ಜೊತೆ ಮಿತಿಯೂ ಬೇಕು. 2023ರಲ್ಲಿ ವರದಿ ಕೊಟ್ಟ ಕಣಭೌತಶಾಸ್ತ್ರದ ಆದ್ಯತಾ ಸಮಿತಿಗೆ ಅಮೆರಿಕ ಸರ್ಕಾರ ಮೊದಲೇ ಎರಡು ಬಜೆಟ್ ಸನ್ನಿವೇಶ ಕೊಟ್ಟಿತ್ತು: ಇಷ್ಟು ಸಿಕ್ಕರೆ ಏನು ಮಾಡ್ತೀರಿ, ಅದಕ್ಕಿಂತ ಕಮ್ಮಿ ಸಿಕ್ಕರೆ ಏನು ಬಿಡ್ತೀರಿ? ಈ ಎರಡನೇ ಪ್ರಶ್ನೆಗೆ ಉತ್ತರ ಕೊಡದ ವರದಿ ನನ್ನ ಪ್ರಕಾರ ಆದ್ಯತಾ ವರದಿಯೇ ಅಲ್ಲ. ನೆದರ್ಲೆಂಡ್ಸ್ 2015ರಲ್ಲಿ ಜನರನ್ನೇ ಕೇಳಿತು, ಸುಮಾರು 11,700 ಪ್ರಶ್ನೆಗಳು ಬಂದವು. ಕೇಳಿದ್ದು ಒಳ್ಳೆಯದೇ. ತಜ್ಞರಿಗೆ ಹೊಳೆಯದ ಪ್ರಶ್ನೆ ರೋಗಿಗೋ ರೈತನಿಗೋ ಹೊಳೆಯುತ್ತೆ. ಆದರೆ ಅವನ್ನೆಲ್ಲ ಗುಂಪು ಮಾಡಿ 140ಕ್ಕೆ ಇಳಿಸಿದರು. 140 ಗುಂಪುಗಳಲ್ಲಿ ಬಹುತೇಕ ಎಲ್ಲರಿಗೂ ಜಾಗ ಸಿಗುತ್ತೆ. ಎಲ್ಲರಿಗೂ ಜಾಗ ಸಿಕ್ಕ ಮೇಲೆ ಹಣಕಾಸು ಇಲಾಖೆ ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತೆ, ಪರಿಷತ್ತಿನ ಹೆಸರಿನಲ್ಲಿ.

ಇನ್ನೊಂದು ದೋಷ ಪರಿಷತ್ತಿನ ಒಳಗಿನದು. ಹಿರಿಯರು ತಾವು ಬೆಳೆಸಿದ ಕ್ಷೇತ್ರವನ್ನೇ ಮುಖ್ಯ ಅಂದುಕೊಳ್ತಾರೆ, ಹೊಸ ವಿಷಯದ ಪರ ಮಾತಾಡೋಕೆ ಸಭೆಯಲ್ಲಿ ಯಾರೂ ಇರಲ್ಲ. ಹಿತಾಸಕ್ತಿ ಘೋಷಣೆ, ಅವಧಿ ಮಿತಿ ಸ್ವಲ್ಪ ಮಟ್ಟಿಗೆ ನೆರವಾಗ್ತವೆ, ಪೂರ್ತಿ ಅಲ್ಲ. ಅದಕ್ಕೇ ಹಣದ ಒಂದು ಪಾಲನ್ನು ಯಾವ ವಿಷಯಕ್ಕೂ ಕಟ್ಟಿಹಾಕದೆ ಬಿಡಬೇಕು. 2007ರಲ್ಲಿ ಶುರುವಾದ ಯುರೋಪಿಯನ್ ಸಂಶೋಧನಾ ಮಂಡಳಿ ಮಾಡೋದು ಅದನ್ನೇ: ವಿಷಯ ಸಂಶೋಧಕರದ್ದು, ಮಂಡಳಿ ನೋಡೋದು ಗುಣಮಟ್ಟ ಮಾತ್ರ.

ಬಿಟ್ಟ ವಿಷಯಗಳ ಬಗ್ಗೆಯೂ ಹೇಳಲೇಬೇಕು. 2014ರಲ್ಲಿ ಅದೇ ಕಣಭೌತಶಾಸ್ತ್ರದ ಸಮಿತಿ ಮ್ಯೂಆನ್ (ಎಲೆಕ್ಟ್ರಾನಿನಂಥದ್ದೇ, ಆದರೆ ಅದಕ್ಕಿಂತ ಭಾರದ ಕಣ) ವೇಗವರ್ಧಕದ ಕಾರ್ಯಕ್ರಮವನ್ನು ಮರುಪರಿಶೀಲಿಸಿ, ಅದಕ್ಕೆ ಸಂಬಂಧಿಸಿದ ಮೈಸ್ ಪ್ರಯೋಗವನ್ನು ಬೇಗ ಮುಗಿಸೋ ಬಗ್ಗೆ ಪಾಲುದಾರ ದೇಶಗಳ ಜೊತೆ ಮಾತಾಡಿ ಅಂತ ಹೇಳಿತು. ದುಡ್ಡಿನ ಮಿತಿಯಲ್ಲಿ ಅದು ತಪ್ಪು ನಿರ್ಧಾರ ಅಲ್ಲ. ಆದರೆ ಬ್ರಿಟನ್ನಿನಲ್ಲಿ ನಡೀತಿದ್ದ ಆ ಪ್ರಯೋಗ ಮಾಪನಗಳನ್ನು ಪೂರೈಸಿ, ಚದುರಿದ ಮ್ಯೂಆನ್ ಕಿರಣವನ್ನು ತಣಿಸಬಹುದು, ಅಂದರೆ ಒತ್ತಾಗಿಸಬಹುದು ಅಂತ 2020ರಲ್ಲಿ ಪ್ರಕಟಿಸಿತು. 2023ರ ವರದಿಯಲ್ಲಿ ಮ್ಯೂಆನ್ ಕೊಲೈಡರ್, ಅಂದರೆ ಆ ಕಣಗಳನ್ನು ಢಿಕ್ಕಿ ಹೊಡೆಸೋ ಯಂತ್ರ, ಮತ್ತೆ ಭವಿಷ್ಯದ ಗುರಿಯಾಗಿ ಬಂತು. ಒಂಬತ್ತು ವರ್ಷದಲ್ಲಿ ತೀರ್ಪು ತಿರುಗಿತು. ಹಾಗಾಗಿ ಕೈಬಿಟ್ಟ ಪ್ರತಿಯೊಂದು ವಿಷಯಕ್ಕೂ ವರದಿಯಲ್ಲಿ ಒಂದು ಪುಟ ಇರಬೇಕು: ಯಾಕೆ ಬಿಟ್ಟೆವು, ಏನು ಸಾಬೀತಾದರೆ ಮತ್ತೆ ಪರಿಗಣಿಸ್ತೀವಿ, ಅಲ್ಲಿಯವರೆಗೆ ಆ ವಿದ್ಯೆ ಗೊತ್ತಿರೋ ಎಷ್ಟು ಜನರನ್ನು ಯಾವ ಪ್ರಯೋಗಾಲಯದಲ್ಲಿ ಉಳಿಸಿಕೊಳ್ತೀವಿ.